ಲ್ಯಾಬಿನ ಅಕ್ಕನಿಗೊಂದು ಥ್ಯಾಂಕ್ಸ್

ನಕ್ಷೆ ಮುಗಿಯಿತು. ಮೊನ್ನೆ ವೈವಾ ಕೂಡ ಆಯಿತು. ಮೂರು ವರ್ಷ ನನ್ನ ಗೊಣಗಾಟ ಕೇಳಿದವರಿಗೆ ಕೆಲಸ ಏನಿತ್ತು ಅಂತ ಮತ್ತೆ ಹೇಳಬೇಕಿಲ್ಲ. ಉಪಗ್ರಹ ಚಿತ್ರ ನೋಡಿ ಯಾವ ನೆಲ ಮರುಭೂಮಿಯಾಗುವ ಹಾದಿ ಹಿಡಿದಿದೆ ಅಂತ ಗುರುತು ಹಾಕುವುದು, ಅಷ್ಟೆ. ಅಷ್ಟೆ ಅಂತ ಈಗ ಆರಾಮಾಗಿ ಬರೆಯುತ್ತಿದ್ದೇನೆ, ನೋಡಿ.

ಗೈಡ್‌ಗೆ, ಮಣ್ಣಿನ ಚೀಲ ಹೊತ್ತ ಗೆಳೆಯರಿಗೆ, 2008ರಿಂದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳನ್ನು ಪುಕ್ಕಟೆ ಕೊಡುತ್ತಿರುವವರಿಗೆ, ಫೋನ್ ಎತ್ತದಿದ್ದರೂ ಮುನಿಸಿಕೊಳ್ಳದ ಮನೆಯವರಿಗೆ, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರಾಗಬೇಡಿ.

ಉಳಿದದ್ದೆಲ್ಲ ಲ್ಯಾಬಿನ ಅಕ್ಕನಿಗೆ. ಹೆಸರು ಹಾಕಿದರೆ ಬೈತಾರೆ.

ಥೀಸಿಸ್ ಒಪ್ಪಿಸಲು ಎರಡು ದಿನ ಇತ್ತು. ಮಣ್ಣು, ಹವಾಮಾನ, ಸಸ್ಯ, ನೆಲದ ನಿರ್ವಹಣೆ, ನಾಲ್ಕೂ ಸೂಚ್ಯಂಕಗಳ ಗುಣೋತ್ತರ ಸರಾಸರಿ (ನಾಲ್ಕನ್ನೂ ಗುಣಿಸಿ ನಾಲ್ಕನೇ ಮೂಲ) ತೆಗೆದು ಕೊನೆಯ ನಕ್ಷೆ ತೆರೆದೆ. ಕೆಂಪೇ ಇಲ್ಲ! ಆ ಸರಾಸರಿ 1.38 ದಾಟಿದ ನೆಲ ತೀರಾ ಅಪಾಯದ್ದು, ಅದಕ್ಕೆ ಕೆಂಪು. ಇಲ್ಲಿ ಎಲ್ಲವೂ ಪೇಲವ ಹಳದಿ. ನಾನು ಖುದ್ದು ನಿಂತು ಬಂದಿದ್ದ ಚೌಳು ನೆಲವೂ ಹಳದಿ. ಅಲ್ಲಿ ಕಾಲಿಟ್ಟಾಗ ಉಪ್ಪಿನ ಬಿಳಿ ಪದರ ಚಪ್ಪಲಿ ಕೆಳಗೆ ಚರಚರ ಮುರಿದಿತ್ತು.

ಮನೆಗೆ ಹೊರಟಿದ್ದ ಅಕ್ಕ ಬ್ಯಾಗ್ ಇಳಿಸಿ ಪಕ್ಕ ಕೂತರು. ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. ಕೋಡ್ ಕೂಡ ನೋಡಲಿಲ್ಲ. ಆ ಒಂದೇ ಜಾಗದ ಮೇಲೆ ಕ್ಲಿಕ್ ಮಾಡುತ್ತಾ ಒಂದೊಂದು ಸೂಚ್ಯಂಕದ ನಕ್ಷೆಯನ್ನೂ ಪದರ ಪದರವಾಗಿ ತೆರೆಸಿದರು. ಹೊರಗೆ ಯಾವಾಗ ಎಲ್ಲರೂ ಹೋದರೋ ಗೊತ್ತಿಲ್ಲ. ರಾತ್ರಿ ಮೂರರ ಹೊತ್ತಿಗೆ ಕೇಳಿದರು.

"ಇಲ್ಲಿಗೆ ನೀನೇ ಹೋಗಿದ್ಯಲ್ಲ, ಗಿಡ ಏನಿತ್ತು?"

"ಏನೂ ಇರಲಿಲ್ಲ ಅಕ್ಕ. ಬರೀ ಉಪ್ಪು."

"ಮತ್ತೆ ಸಸ್ಯಕ್ಕೆ 1.1 ಯಾಕಿದೆ?"

ಈ ಲೆಕ್ಕದಲ್ಲಿ 1 ಒಳ್ಳೆಯದು, 2 ಕೆಟ್ಟದ್ದು. ಜಾಸ್ತಿ ಹಸಿರಿಗೆ ಜಾಸ್ತಿ ಅಂಕ ಅಂತ ಉಲ್ಟಾ ಹಾಕಿದ್ದೆ. ಬೋಳು ನೆಲಕ್ಕೆ ಸಿಕ್ಕ ಒಳ್ಳೆ ಅಂಕವೇ ಕೆಟ್ಟ ಮಣ್ಣನ್ನು ಕಾಪಾಡುತ್ತಿತ್ತು. ಅದಕ್ಕೇ ಎಲ್ಲ ಹಳದಿ.

ಅತ್ತುಬಿಟ್ಟೆ. ಆ ತಪ್ಪಿಗಲ್ಲ. ಈ ಮೂರು ವರ್ಷದಲ್ಲಿ ಇಂಥ ಇನ್ನೆಷ್ಟು ತಪ್ಪು ಹೂತಿಟ್ಟಿದ್ದೇನೋ, ನಾನು ಇದಕ್ಕೆ ಲಾಯಕ್ಕೇ ಅಲ್ಲ, ಬಿಟ್ಟುಬಿಡ್ತೀನಿ ಅಂದೆ. ತಿಂಗಳುಗಳಿಂದ ಒಳಗೇ ಇದ್ದ ಮಾತು ಅದು. ಅಕ್ಕ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ, "ಬಿಡೋದಾದ್ರೆ ನಾಳೆ ಬಿಡು. ಈಗ ಮಣ್ಣಿನ ಪದರ ತೆರೆ, ಅದನ್ನೂ ನೋಡೋಣ" ಅಂದರು.

ನೋಡಿದೆವು. ಉಳಿದ ಮೂರೂ ಸರಿ ಇದ್ದವು.

ಬೆಳಗಾಗುವಷ್ಟರಲ್ಲಿ ಆ ಚೌಳು ನೆಲ 1.31ರಿಂದ 1.5ಕ್ಕೆ ಏರಿ ಕೆಂಪಾಯಿತು. ಒಂದು ನೆಲ ಹಾಳಾಗಿದೆ ಅಂತ ಗೊತ್ತಾಗಿ ಇಬ್ಬರೂ ನಕ್ಕೆವು. ಕೆಟ್ಟವರು ನಾವು, ಅಲ್ವಾ?

ಅಕ್ಕ, ನಿಮ್ಮ ಹಾರ್ಡ್ ಡಿಸ್ಕ್ ಇನ್ನೂ ನನ್ನ ಹತ್ತಿರವೇ ಇದೆ. ಸೋಮವಾರ ತರುತ್ತೇನೆ.