ನಮ್ಮೂರ ಮದರಸಾಕ್ಕೆ ಈಗ ಇರುವುದು ಒಂದೇ ಮಿನಾರ್

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ವಿಷಯ: ಎಆರ್ ಪಾಠದ ಆ್ಯಪ್ ಸರಿಪಡಿಸುವ ಬಗ್ಗೆ

ಮಾನ್ಯರೇ,

ನಾನು ಬೀದರ್‌ನಲ್ಲಿ ಎಂ.ಎ. ಇತಿಹಾಸ ಪಾಠ ಮಾಡುತ್ತೇನೆ. ಫೋನಿನ ಕ್ಯಾಮೆರಾ ತೆರೆದರೆ ಹಳೆಯ ಕಟ್ಟಡವನ್ನು ಕ್ಲಾಸಿನ ನೆಲದ ಮೇಲೇ ಎದ್ದು ನಿಂತಂತೆ ತೋರಿಸುವ ನಿಮ್ಮ ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ಆ್ಯಪ್‌ಗೆ ಜುಲೈನಲ್ಲಿ ನಮ್ಮ ವಿಭಾಗ ಒಂದು ವರ್ಷದ ಲೈಸೆನ್ಸ್ ತೆಗೆದುಕೊಂಡಿತು. ಬಹಮನಿ ಕಾಲದ ವಿದ್ಯಾಲಯವಾದ ಮಹಮೂದ್ ಗಾವಾನ್ ಮದರಸಾ ಊರಲ್ಲೇ ಇರುವಾಗ ಆ್ಯಪ್ ಯಾಕೆ ಅಂತ ಪ್ರಿನ್ಸಿಪಾಲರು ಆಗಲೇ ಕೇಳಿದ್ದರು. 1472ರ ಆ ಕಟ್ಟಡದ ಒಂದು ಭಾಗ ಹದಿನೇಳನೇ ಶತಮಾನದ ಕೊನೆಯಲ್ಲಿ ಬಿದ್ದುಹೋಯಿತು. ಬಿದ್ದಿದ್ದು ಮಕ್ಕಳಿಗೆ ಕಾಣಬೇಕು ಸರ್, ಅದಕ್ಕೇ ಅಂತ ನಾನೇ ವಾದ ಮಾಡಿದ್ದೆ. ಈಗ ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೇನೆ.

ಮೊದಲ ದಿನ ಕಟ್ಟಡ ಏಳಲೇ ಇಲ್ಲ. ನಮ್ಮ ಕ್ಲಾಸಿಗೆ ಹಾಸಿರುವುದು ಶಹಾಬಾದ್ ಕಲ್ಲು, ಎಲ್ಲ ಒಂದೇ ಬಣ್ಣ. "ನೆಲ ಹುಡುಕಲಾಗುತ್ತಿದೆ" ಅಂತ ಹತ್ತು ನಿಮಿಷ ಸುತ್ತಿತು. ಕೊನೆಗೆ ಒಬ್ಬಳು ಹಾಸ್ಟೆಲಿನಿಂದ ಪಟ್ಟೆ ಜಮಖಾನ ತಂದು ಹಾಸಿದಳು. ಕ್ಯಾಮೆರಾಗೆ ಗುರುತು ಹಿಡಿಯಲು ಗೆರೆಗಳು ಸಿಕ್ಕವು, ಮದರಸಾ ಎದ್ದು ನಿಂತಿತು. ಇಷ್ಟನ್ನು ನಿಮ್ಮ ಕೈಪಿಡಿಯಲ್ಲಿ ಬರೆಯಬಹುದಿತ್ತು, ಅಲ್ವಾ?

32 ಜನರಲ್ಲಿ 9 ಜನರ ಫೋನಿನಲ್ಲಿ ಮಾತ್ರ ಓಡಿತು. ಉಳಿದವು ಎಆರ್‌ಕೋರ್ (ಆಂಡ್ರಾಯ್ಡ್‌ನಲ್ಲಿ ಎಆರ್ ಓಡಿಸುವ ಗೂಗಲ್ ತಂತ್ರಾಂಶ) ನಡೆಯದ ಫೋನುಗಳು. "ಯಾವ ಆಂಡ್ರಾಯ್ಡ್ ಆದ್ರೂ ನಡೆಯುತ್ತೆ ಸರ್" ಅಂದಿದ್ದ ನಿಮ್ಮ ಪ್ರತಿನಿಧಿ ಡೆಮೊ ತೋರಿಸಿದ್ದು ಮಾತ್ರ ತಮ್ಮ ಐಪ್ಯಾಡ್‌ನಲ್ಲಿ.

ಅದನ್ನೂ ಸಹಿಸಬಹುದು. "1472" ಒತ್ತಿದರೆ ಎರಡು ಮಿನಾರ್, ಸರಿ. "ಈಗಿನ ನೋಟ" ಒತ್ತಿದರೂ ಎರಡು! "ಸರ್, ನಮ್ಮೂರಾಗ ಒಂದೇ ಅದರಿ" ಎಂದು ಹಿಂದಿನ ಬೆಂಚು ನಕ್ಕಿತು. ಏನು ಉಳಿಯಿತು, ಏನು ಹೋಯಿತು ಅನ್ನುವುದೇ ಆ ದಿನದ ಪಾಠ. ಎರಡೂ ಬಟನ್ ಒಂದನ್ನೇ ತೋರಿಸಿದರೆ ನಾನು ಏನು ಹೇಳಲಿ? ಕನ್ನಡ ವಿವರಣೆಯಂತೂ "ಮೂರು ಕಥೆಗಳ ಕಟ್ಟಡ" ಅನ್ನುತ್ತದೆ. ಮೂರು ಅಂತಸ್ತು, ಸ್ವಾಮಿ. ಯಂತ್ರದಿಂದ ಅನುವಾದ ಮಾಡಿಸಿ ಯಾರೂ ಓದಿ ನೋಡಿಲ್ಲ.

ಮೂರು ಮೇಲ್ ಹಾಕಿದೆ. ಮೂರಕ್ಕೂ "ಆ್ಯಪ್ ತೆಗೆದು ಮತ್ತೆ ಹಾಕಿ" ಅಂತಲೇ ಉತ್ತರ. ತೆಗೆದು ಹಾಕಿದರೆ ಮಿನಾರ್ ಬೀಳುತ್ತದೆಯೇ?

15 ದಿನದೊಳಗೆ ಮಿನಾರ್ ಮತ್ತು ಕನ್ನಡ ಎರಡನ್ನೂ ಸರಿ ಮಾಡಿ. ಫೋಟೊ ಬೇಕಾದರೆ ನಮ್ಮ ವಿದ್ಯಾರ್ಥಿಗಳೇ ತೆಗೆದು ಕಳಿಸುತ್ತಾರೆ. ಆ್ಯಪ್ ಓಡದ 23 ಜನರ ಲೈಸೆನ್ಸ್ ಹಣ ವಾಪಸ್ ಕೊಡಿ. ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಬಿಲ್, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಜಮಖಾನದ ಫೋಟೊ ಕೂಡ ಇದೆ.

ಇಂತಿ,
ಇತಿಹಾಸ ಉಪನ್ಯಾಸಕ, ಬೀದರ್