ಜೆರಾಕ್ಸ್ ಅಂಗಡಿಯ ಅಕ್ಕನಿಗೆ, ಮತ್ತೆ ಉಳಿದ ಎಲ್ಲರಿಗೂ

ನಮ್ಮ ಉದ್ಯಾನದ ಜಾಗದಲ್ಲಿ ಕಟ್ಟಡ ಕಟ್ಟಲು ದಾರಿ ಮಾಡಿಕೊಡುವ ಭೂ ಉಪಯೋಗ ಬದಲಾವಣೆಯ ಪ್ರಸ್ತಾವನೆಯನ್ನು ಕೈಬಿಟ್ಟ ಆದೇಶದ ಪ್ರತಿ ಕೈಗೆ ಬಂದಿದೆ. ನಮ್ಮ ಬಡಾವಣೆಯ 28 ಗುಂಟೆ ಉದ್ಯಾನ, ಉದ್ಯಾನವಾಗಿಯೇ ಉಳಿಯುತ್ತದೆ. ನೋಟಿಸು ಬಂದಲ್ಲಿಂದ ಇಲ್ಲಿಯವರೆಗೆ ನಡೆದದ್ದೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಮತ್ತೆ ಹೇಳುವುದಿಲ್ಲ. ಯಾರ ಯಾರ ಕೈಯಿಂದ ಯಾವ ಕೆಲಸವಾಯಿತು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿಲ್ಲ. ಅದಕ್ಕೇ ಈ ಬರಹ.

ಮೊದಲು ಜೆರಾಕ್ಸ್ ಅಂಗಡಿಯ ಅಕ್ಕ.

ಆಕ್ಷೇಪಣೆ ಸಲ್ಲಿಸಲು ಕೊಟ್ಟಿದ್ದು 15 ದಿನ. ಹದಿನಾಲ್ಕನೆಯ ದಿನ ರಾತ್ರಿ ಒಂಬತ್ತಕ್ಕೆ ಪತ್ರಗಳ ಕಟ್ಟು ಅವರ ಕೌಂಟರಿಗೆ ಬಂತು. ಒಂದೊಂದು ಪ್ರತಿ ತೆಗೆದುಕೊಟ್ಟರೆ ಆಯಿತು ಎಂದುಕೊಂಡಿದ್ದೆವು. ಅಕ್ಕ ಮೆಷಿನ್ ಹಾಕುವ ಮೊದಲು ಮೇಲಿನ ಹತ್ತು ಪತ್ರ ಓದಿದರು. "ಇವೆಲ್ಲ ಒಂದೇ ಪತ್ರ ಕಣ್ರೀ, ಸಹಿ ಮಾತ್ರ ಬೇರೆ" ಅಂದರು.

ಆ ಮಾತಿನ ಬೆಲೆ ಕಚೇರಿಯ ಕಡತ ನೋಡಿದವರಿಗೆ ಗೊತ್ತು. ಒಂದೇ ಒಕ್ಕಣೆಯ ಪತ್ರ ಎಷ್ಟೇ ಬರಲಿ, ಆಕ್ಷೇಪಣೆಗಳ ತಃಖ್ತೆಯಲ್ಲಿ, ಅಂದರೆ ಕಚೇರಿಯ ಪಟ್ಟಿಯಲ್ಲಿ, ಅವೆಲ್ಲ ಒಂದೇ ಸಾಲು. ಆ ಸಾಲಿಗೆ ಒಂದೇ ಉತ್ತರ: 'ಪರಿಶೀಲಿಸಲಾಗಿದೆ'. ಬೇರೆ ಬೇರೆ ಕಾರಣ ಬರೆದರೆ ಒಂದೊಂದಕ್ಕೂ ಬೇರೆ ಉತ್ತರ ಕೊಡಬೇಕಾಗುತ್ತದೆ. ಅಲ್ಲಿಂದ ಮುಂದೆ ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಕಟ್ಟಡ ಎದ್ದರೆ ನಿಮ್ಮ ಮನೆಗೇನು ತೊಂದರೆ? ಅದನ್ನೇ ಬರೀರಿ." ಕೆಳಗಿನ ಬೀದಿಯವರು ಮನೆಗೆ ನುಗ್ಗುವ ಮಳೆನೀರಿನ ಬಗ್ಗೆ ಬರೆದರು. ಶಾಲೆಯ ಪಕ್ಕದವರು ಮಕ್ಕಳಿಗೆ ಬೇರೆ ಬಯಲಿಲ್ಲ ಎಂದರು. ಬೋರ್‌ವೆಲ್ ಇದ್ದವರು ಇಂಗುವ ನೀರಿನ ಲೆಕ್ಕ ಕೇಳಿದರು.

ಆಮೇಲೆ ಅವರು ಪತ್ರಗಳನ್ನು ನಾಲ್ಕು ಕಟ್ಟು ಮಾಡಿದರು. ಸರಿಯಾಗಿರುವುದು, ಮನೆ ನಂಬರು ಇಲ್ಲದ್ದು, ಸಹಿಯೋ ದಿನಾಂಕವೋ ಬಿಟ್ಟುಹೋದದ್ದು, ಸರ್ವೆ ನಂಬರು ತಪ್ಪಿದ್ದು. ನಾಲ್ಕನೆಯ ಕಟ್ಟೇ ಎಲ್ಲಕ್ಕಿಂತ ದಪ್ಪ! ನೋಟಿಸಿನಲ್ಲಿ ಕನ್ನಡ ಅಂಕಿ ಇತ್ತು, ಪತ್ರಿಕೆಯ ಸಣ್ಣ ಅಚ್ಚು ಬೇರೆ. ಓರೆಗೆರೆಯ ಮುಂದಿನ ೩ ಕಣ್ಣಿಗೆ ೨ ಆಗಿ ಕಂಡಿತ್ತು. ಹಾಗೆ ತಪ್ಪಾಗಿ ಓದಿದ ನಂಬರೇ ವಾಟ್ಸಾಪಿನಲ್ಲಿ ಮನೆಯಿಂದ ಮನೆಗೆ ಹೋಗಿತ್ತು. ಅಕ್ಕನಿಗೆ ಅನುಮಾನ ಬಂದು ಪತ್ರಿಕೆಯ ತುಣುಕನ್ನು 200 ಪರ್ಸೆಂಟಿಗೆ ಹಿಗ್ಗಿಸಿ ತೆಗೆದರು. ಅಂಕಿಯ ಕೆಳಗಿನ ಸುಳಿ ಆಗ ಸ್ಪಷ್ಟವಾಗಿ ಕಂಡಿತು. ನಂಬರು ತಪ್ಪಿದ್ದರೆ ಪತ್ರ ಪಕ್ಕದ ಜಮೀನಿನ ಬಗ್ಗೆ ಆಗುತ್ತಿತ್ತು, 'ವಿಷಯಕ್ಕೆ ಸಂಬಂಧಿಸಿಲ್ಲ' ಎಂದು ಬದಿಗಿಡಲು ಅಷ್ಟೇ ಸಾಕು.

ಇಂಥ ತಪ್ಪನ್ನು ಬಿಳಿ ಹಚ್ಚಿ ತಿದ್ದಬಾರದು. ಹಳೆಯದು ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಅದರ ಹತ್ತಿರ ಪತ್ರ ಕೊಟ್ಟವರೇ ಚಿಕ್ಕ ಸಹಿ ಹಾಕಬೇಕು. ಹಾಗಾಗಿ ಹನ್ನೊಂದು ಗಂಟೆಯ ಮೇಲೆ ಹುಡುಗರು ಮನೆಮನೆಯ ಬಾಗಿಲು ಬಡಿದರು. ಎದ್ದು ಬಂದು ಸಹಿ ಹಾಕಿದವರಿಗೆಲ್ಲ ನಮಸ್ಕಾರ. ಎರಡು ಗಂಟೆಗೆ ಟೋನರ್ ಮುಗಿದು ಪ್ರತಿಯ ಮೇಲೆ ಬಿಳಿ ಪಟ್ಟೆ ಬೀಳತೊಡಗಿತು. ಅಕ್ಕ ಕಾರ್ಟ್ರಿಡ್ಜ್ ಹೊರಗೆ ತೆಗೆದು, ಮೊರದಲ್ಲಿ ಅಕ್ಕಿ ಆಡಿಸುವ ಹಾಗೆ ಅಡ್ಡಡ್ಡ ಆಡಿಸಿ ಮತ್ತೆ ಕೂರಿಸಿದರು. ಉಳಿದ ಪ್ರತಿಗಳು ಅದರಲ್ಲೇ ಮುಗಿದವು.

ಬೆಳಗಿನ ಜಾವ ಅವರು ಮಾಡಿದ ಇನ್ನೊಂದು ಕೆಲಸವೇ ಕೊನೆಗೆ ನಮ್ಮನ್ನು ಕಾಪಾಡಿದ್ದು. ಪ್ರತಿ ಪತ್ರದ ಬಲ ಮೂಲೆಗೆ ಕ್ರಮಸಂಖ್ಯೆ ಹಾಕಿದರು. ಒಂದು ನೋಟ್‌ಬುಕ್ಕಿಗೆ ಗೆರೆ ಹೊಡೆದು ಸಂಖ್ಯೆ, ಹೆಸರು, ಮನೆ ನಂಬರು, ಕಾರಣ ಒಂದೇ ಸಾಲಿನಲ್ಲಿ, ಒಟ್ಟು ಪುಟ ಎಂದು ಬರೆದರು. ಮೇಲುಪತ್ರದಲ್ಲಿ ಒಟ್ಟು ಪತ್ರ ಎಷ್ಟು, ಪುಟ ಎಷ್ಟು ಎಂದು ಕಾಣಿಸಿದರು. "ಮೇಲುಪತ್ರಕ್ಕೊಂದು ಸೀಲು ಹೊಡೆದು ಕಳಿಸ್ತಾರೆ, ಒಪ್ಪಬೇಡಿ. ಒಂದೊಂದು ಪ್ರತಿಗೂ ಸೀಲು, ದಿನಾಂಕ, ಇನ್‌ವರ್ಡ್ ನಂಬರು ಹಾಕಿಸ್ಕೊಂಡೇ ಬನ್ನಿ" ಎಂದು ಹೇಳಿ ಕಳಿಸಿದರು. ಟಪಾಲು ಕೌಂಟರಿನಲ್ಲಿ ಅದಕ್ಕೆ ಮೂರು ಗಂಟೆ ಹಿಡಿಯಿತು. ವಿಚಾರಣೆಯ ದಿನ ಕಚೇರಿಯ ತಃಖ್ತೆಯಲ್ಲಿ ನಮ್ಮ ಪತ್ರಗಳು ಎಷ್ಟೋ ಕಡಿಮೆ ಇದ್ದವು. ಬೇಕೆಂದೇ ಬಿಟ್ಟರು ಎಂದು ನಾವು ಹೇಳುವುದಿಲ್ಲ, ಕಟ್ಟು ಎರಡು ಮೇಜಿಗೆ ಹಂಚಿಹೋಗಿದ್ದರೂ ಹೀಗಾಗುತ್ತದೆ. ನೋಟ್‌ಬುಕ್ ತೆರೆದು, ಇಲ್ಲದ ಸಂಖ್ಯೆಗಳನ್ನು ಓದಿ, ಸೀಲಿರುವ ಪ್ರತಿಗಳನ್ನು ಒಂದೊಂದಾಗಿ ಮುಂದಿಟ್ಟೆವು. ಎಲ್ಲವನ್ನೂ ಸೇರಿಸಿಕೊಂಡರು.

ಇಲ್ಲಿ ಒಂದು ಮಾತು ಹೇಳಲೇಬೇಕು, ಹೇಳಲು ನಾಲಿಗೆ ಏಳುತ್ತಿಲ್ಲ. ಆ ರಾತ್ರಿಯ ನಂತರ ಅಕ್ಕನ ಅಂಗಡಿಗೆ ಕೆಲವು ಖಾಯಂ ಗಿರಾಕಿಗಳು ಬರುವುದನ್ನು ನಿಲ್ಲಿಸಿದರು. ಕಟ್ಟಡ ಬರಲಿ ಎನ್ನುವವರೂ ಇದೇ ಬೀದಿಗಳಲ್ಲಿ ಇದ್ದಾರೆ. ಗಿರಾಕಿಗಳು ಬಿಟ್ಟುಹೋದದ್ದನ್ನು ಅಕ್ಕ ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಪ್ರತಿ ಸಭೆಗೂ ಅವರ ಅಂಗಡಿಯಿಂದಲೇ ಹಾಳೆ ತಂದೆವು, ವ್ಯಾಪಾರ ಹೇಗಿದೆ ಅಕ್ಕಾ ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ. ಬಡಾವಣೆಗೆ ಬಡಾವಣೆಯೇ ಒಂದಾಗಿ ನಿಂತಿದೆ ಎಂದು ಬರೆದು ಅಂಟಿಸಿದ ಪೋಸ್ಟರುಗಳೂ ಅಲ್ಲೇ ಪ್ರಿಂಟಾದವು. ಅಕ್ಕಾ, ನಮ್ಮಿಂದ ತಪ್ಪಾಯಿತು.

ಸರ್ವೆ ಇಲಾಖೆಯಿಂದ ನಿವೃತ್ತರಾದ ಹಿರಿಯರಿಗೆ ನಮ್ಮ ಎರಡನೆಯ ಋಣ. ಮಾಹಿತಿ ಹಕ್ಕಿನಲ್ಲಿ ಉತ್ತರಕ್ಕೆ 30 ದಿನ, ಆಕ್ಷೇಪಣೆಗೆ 15 ದಿನ. ನೋಟಿಸು ನೋಡಿ ಅರ್ಜಿ ಹಾಕಿದವರಿಗೆ ಗಡುವು ಮುಗಿದ ಮೇಲೆ ದಾಖಲೆ ಸಿಗುತ್ತದೆ. ಈ ಹಿರಿಯರು ಅನುಮೋದಿತ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿಯನ್ನು ಹಿಂದಿನ ವರ್ಷವೇ ತೆಗೆಸಿಟ್ಟಿದ್ದರು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ನಕ್ಷೆ, ಹಸ್ತಾಂತರ ಪತ್ರ, ಉದ್ಯಾನಗಳ ಪಟ್ಟಿ ಮೂರನ್ನೂ ಒಂದರಲ್ಲೇ ಕೇಳಿದರೆ ಅರ್ಜಿ ವಾಪಸು ಬರಬಹುದು. ಅವರು ಮೂರು ಅರ್ಜಿ ಹಾಕಿದ್ದರು. ಉಳಿದ ಬಡಾವಣೆಯವರೂ ನೋಟಿಸಿಗೆ ಕಾಯದೆ ಈಗಲೇ ಹಾಕಿಡಿ.

ಚರಂಡಿ ಅಳೆದ ಹುಡುಗ ಹುಡುಗಿಯರಿಗೆ ಧನ್ಯವಾದ. ಕಟ್ಟಡದ ನೀರನ್ನು ರಸ್ತೆಬದಿಯ ಚರಂಡಿ ತಡೆದುಕೊಳ್ಳುತ್ತದೆ ಎಂಬ ವಾದವನ್ನು ಅವರು 20 ಮೀಟರಿನ ಪಾರದರ್ಶಕ ಪೈಪಿನಿಂದ ಮುರಿದರು. ಗಾರೆ ಮೇಸ್ತ್ರಿಗಳು ಬಳಸುವ ಅದೇ ನೀರುಮಟ್ಟ. ಪೈಪಿನಲ್ಲಿ ಒಂದು ಗುಳ್ಳೆ ಉಳಿದರೂ ಅಳತೆ ಸುಳ್ಳು, ಅದಕ್ಕೇ ನಿಧಾನವಾಗಿ ಒಂದೇ ತುದಿಯಿಂದ ನೀರು ತುಂಬಬೇಕು. ಓದುವಾಗ ಎರಡೂ ತುದಿಯಿಂದ ಹೆಬ್ಬೆರಳು ತೆಗೆದಿರಬೇಕು. ಮೋರಿಯ ಹತ್ತಿರ ಚರಂಡಿಯ ತಳ 9 ಸೆಂ.ಮೀ. ಏರಿದ್ದು ಹೀಗೆ ಗೊತ್ತಾಯಿತು. ನೀರು ಹರಿಯಬೇಕಾದ ದಿಕ್ಕಿಗೇ ಏರು! ಹೂಳು ಅಳೆಯಲು ಬರೀ ಕೋಲು ಇಳಿಸಿದರೆ ಅದು ಹೂಳನ್ನು ತೂರಿ ತಳಕ್ಕೇ ಹೋಗುತ್ತದೆ. ತುದಿಗೆ ತಗಡಿನ ಬಿಲ್ಲೆ ಕಟ್ಟಿದರೆ ಹೂಳಿನ ಮೇಲೆ ನಿಲ್ಲುತ್ತದೆ. ಎರಡೂ ಅಳತೆಯ ವ್ಯತ್ಯಾಸವೇ ಹೂಳಿನ ದಪ್ಪ. 50 ಮಿ.ಮೀ. ಮಳೆ ಬಿದ್ದರೆ ಈ 28 ಗುಂಟೆಯ ಮೇಲೆ ಬೀಳುವುದು ಸುಮಾರು 1.4 ಲಕ್ಷ ಲೀಟರ್ ಎಂಬ ಅವರ ಲೆಕ್ಕವನ್ನು ವಿಚಾರಣೆಯಲ್ಲಿ ಯಾರೂ ಪ್ರಶ್ನಿಸಲಿಲ್ಲ.

ನಮ್ಮ ಪರ ವಾದಿಸಿದ ವಕೀಲರು ಮುದ್ದಪ್ಪ ಪ್ರಕರಣವನ್ನು ಮುಂದಿಟ್ಟರು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ನಿಲ್ಲುವುದಿಲ್ಲ ಎಂದಿತು, ಪ್ರಶ್ನಿಸುವ ಹಕ್ಕು ನಿವಾಸಿಗಳಿಗೆ ಇದೆ ಎಂದೂ ಹೇಳಿತು. ಶುಲ್ಕ ಕೇಳದೆ ಬಂದ ವಕೀಲರಿಗೂ, ಫೋಟೋ ತೆಗೆದವರಿಗೂ, ವಿಚಾರಣೆಗೆ ಅರ್ಧ ದಿನ ರಜೆ ಹಾಕಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತವರಿಗೂ, ಟೀ ತಂದವರಿಗೂ ಕೃತಜ್ಞತೆಗಳು.

ಅಕ್ಕಾ, ಆ ರಾತ್ರಿಯ ಲೆಕ್ಕವನ್ನು ನೀವು ಎಲ್ಲೂ ಬರೆದಿಟ್ಟಿಲ್ಲ. ನಿಮ್ಮದೇ ನೋಟ್‌ಬುಕ್ಕಿನ ಪುಟಗಳ ಸಂಖ್ಯೆ ಕೂಡಿಸಿ, ಟೋನರನ್ನೂ ಸೇರಿಸಿ, ನಾವೇ ಲೆಕ್ಕ ಹಾಕಿದ್ದೇವೆ. ಭಾನುವಾರ ಬೆಳಿಗ್ಗೆ ಅಂಗಡಿಗೆ ತರುತ್ತೇವೆ. ದಯವಿಟ್ಟು ಬೇಡ ಅನ್ನಬೇಡಿ.