ಕೆಟ್ಟಿರುವುದು ಡಿವಿಡಿ ಡ್ರೈವ್, ಹಾರ್ಡ್ ಡಿಸ್ಕ್ ಮುಟ್ಟಬೇಡಿ

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಹಾರ್ಡ್ ಡಿಸ್ಕ್ ಇರುವ ಡಿವಿಡಿ ರೆಕಾರ್ಡರ್ ರಿಪೇರಿಯ ಬಗ್ಗೆ ದೂರು

ಮಾನ್ಯರೇ,

ನಿಮ್ಮ ಕಂಪನಿಯ ಡಿವಿಡಿ ರೆಕಾರ್ಡರ್ ನಮ್ಮ ಮನೆಯಲ್ಲಿದೆ. 160 ಜಿಬಿ ಹಾರ್ಡ್ ಡಿಸ್ಕ್ ಇರುವ ಮಾಡೆಲ್. ಅದರ ಡಿವಿಡಿ ಡ್ರೈವ್ ಕೆಟ್ಟಿದೆ. ಹಾರ್ಡ್ ಡಿಸ್ಕ್ ಚೆನ್ನಾಗಿದೆ. ವಿಷಯ ಇಷ್ಟೇ. ಆದರೆ ನಿಮ್ಮ ಸಹಾಯವಾಣಿಯವರು ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿ ಅನ್ನುತ್ತಾರೆ. ಸರ್ವಿಸ್ ಸೆಂಟರ್‌ನವರು ಡ್ರೈವ್ ಜೊತೆಗೆ ಹಾರ್ಡ್ ಡಿಸ್ಕನ್ನೂ ಬದಲಾಯಿಸುತ್ತೇವೆ ಅನ್ನುತ್ತಾರೆ. ಎರಡರಲ್ಲಿ ಯಾವುದನ್ನು ಮಾಡಿದರೂ ಒಳಗಿರುವ ರೆಕಾರ್ಡಿಂಗ್ ಎಲ್ಲ ಹೋಗುತ್ತದೆ. ಇದಕ್ಕೆ ನಾನು ಒಪ್ಪುವುದಿಲ್ಲ. ಯಾಕೆ ಅಂತ ಬಿಡಿಸಿ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಒಳಗೆ ಏನಿದೆ ಅನ್ನುವುದು ಮೊದಲು ನಿಮಗೆ ಗೊತ್ತಾಗಬೇಕು. ಟೀವಿ ಕಾರ್ಯಕ್ರಮಗಳು ಇವೆ, ಅವು ಹೋದರೆ ಹೋಗಲಿ. ಉಳಿದದ್ದೆಲ್ಲ ಹಳೆಯ ಕ್ಯಾಮ್‌ಕಾರ್ಡರ್ ಟೇಪುಗಳಿಂದ ಇಳಿಸಿಕೊಂಡದ್ದು. ಅಪ್ಪ ನಿವೃತ್ತಿಯಾದ ದಿನ ಮಾಡಿದ ಭಾಷಣ ಇದೆ. ಅಜ್ಜಿ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುವುದು ಇದೆ. ಅಜ್ಜಿಯ ಧ್ವನಿ ನಮ್ಮ ಹತ್ತಿರ ಉಳಿದಿರುವುದು ಅದೊಂದರಲ್ಲೇ.

ಈ ಕೆಲಸ ಎಷ್ಟು ನಿಧಾನದ್ದು ಅಂತ ನಿಮಗೆ ಗೊತ್ತೇ ಇದೆ. ಹಳದಿ, ಬಿಳಿ, ಕೆಂಪು ವೈರುಗಳನ್ನು ಮುಂದಿನ ಇನ್‌ಪುಟ್‌ಗೆ ಸಿಕ್ಕಿಸಿ, ಅಲ್ಲಿ ಟೇಪು ಓಡಿಸಿ, ಇಲ್ಲಿ ರೆಕಾರ್ಡ್ ಮಾಡಬೇಕು. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಬೇಕೇ ಬೇಕು. ಆಮೇಲೆ ಮಧ್ಯದ ಖಾಲಿ ನೀಲಿ ಭಾಗಗಳನ್ನು ಕತ್ತರಿಸಬೇಕು, ಅಧ್ಯಾಯ ಗುರುತು ಹಾಕಬೇಕು. ಪ್ರತಿ ಟೈಟಲ್‌ಗೂ ಹೆಸರು, ಇಸವಿ ಕೊಡಬೇಕು, ಅದೂ ರಿಮೋಟ್‌ನ ಬಾಣದ ಗುಂಡಿಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿ. ಅಪ್ಪ ಪಕ್ಕದಲ್ಲಿ ಕೂತು ಇದು ಇಂಥವರು, ಇದು ಇಂಥ ವರ್ಷ ಅಂತ ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಈಗ ಅಪ್ಪ ಇಲ್ಲ. ಆ ಪಟ್ಟಿಯನ್ನು ಇನ್ನೊಮ್ಮೆ ಮಾಡಲು ಯಾರಿಂದಲೂ ಆಗುವುದಿಲ್ಲ.

ಟೇಪು ಇರುತ್ತದಲ್ಲ, ಮತ್ತೆ ಇಳಿಸಿಕೊಳ್ಳಿ ಅಂತ ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿ ಒಬ್ಬರು ಹೇಳಿದರು. ಟೇಪುಗಳಿಗೆ ಬೂಷ್ಟು ಹಿಡಿದಿದೆ. ಹಾಕಿದರೆ ಲೇಪ ಕಿತ್ತು ಹೆಡ್‌ಗೆ ಮೆತ್ತಿಕೊಳ್ಳುತ್ತದೆ. ಕ್ಯಾಮ್‌ಕಾರ್ಡರ್ ಕೂಡ ಓಡುವುದಿಲ್ಲ. ಟೇಪು ಓಡಿಸುವ ಹೊಸ ವಿಸಿಆರ್ ತರೋಣ ಅಂದರೆ, ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೇ 2016ರಲ್ಲಿ ನಿಲ್ಲಿಸಿಬಿಟ್ಟಿತು. ನಿಮ್ಮ ರೆಕಾರ್ಡರ್‌ನಲ್ಲಿ ಇರುವುದೇ ಈಗ ನಮ್ಮ ಮೂಲ ಪ್ರತಿ.

ಇನ್ನು ದೋಷದ ವಿಷಯ. ಡಿಸ್ಕ್ ಇಟ್ಟು ಟ್ರೇ ಮುಚ್ಚಿದರೆ, ಮುಂದಿನ ಪರದೆಯಲ್ಲಿ ಲೋಡ್ ಆಗುತ್ತಿದೆ ಅಂತ ಬರುತ್ತದೆ. ಡಿಸ್ಕ್ ತಿರುಗಲು ಶುರುವಾಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಲೆನ್ಸ್ ಹಿಂದೆ ಮುಂದೆ ಸರಿದಾಡುವ ಸಣ್ಣ ಕಟಕಟ ಶಬ್ದ ಕೇಳುತ್ತದೆ. ಕಡೆಗೆ ಈ ಡಿಸ್ಕ್ ಓದಲಾಗುತ್ತಿಲ್ಲ ಅನ್ನುವ ಸಂದೇಶ. ಮನೆಯಲ್ಲಿ ರೆಕಾರ್ಡ್ ಮಾಡುವ ಡಿವಿಡಿ-ಆರ್, ಡಿವಿಡಿ-ಆರ್‌ಡಬ್ಲ್ಯೂ, ಡಿವಿಡಿ-ರ‍್ಯಾಮ್, ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್, ಎಲ್ಲಕ್ಕೂ ಇದೇ ಕಥೆ. ಆದರೆ ಹಾಡಿನ ಸಿಡಿ ಹಾಕಿದರೆ ಚೆನ್ನಾಗಿ ಹಾಡುತ್ತದೆ! ಇದನ್ನು ದಯವಿಟ್ಟು ಗಮನಿಸಿ. ಸಿಡಿ ಓದುವ ಲೇಸರ್ 780 ನ್ಯಾನೊಮೀಟರಿನದು, ಡಿವಿಡಿಯದು 650 ನ್ಯಾನೊಮೀಟರಿನದು. ಒಂದು ಸರಿಯಿದ್ದು ಇನ್ನೊಂದು ಸೋತಿದ್ದರೆ ಹೀಗೇ ಆಗುತ್ತದೆ. ಲೆನ್ಸ್ ಕ್ಲೀನರ್ ಡಿಸ್ಕ್ ಹಾಕಿ ನೋಡಿದ್ದೇನೆ. ಪ್ಲಗ್ ಕಿತ್ತು ರಾತ್ರಿಯಿಡೀ ಬಿಟ್ಟಿದ್ದೇನೆ. ಪವರ್ ಗುಂಡಿಯನ್ನು ಒತ್ತಿ ಹಿಡಿದು ರೀಸೆಟ್ ಮಾಡಿದ್ದೇನೆ. ಏನೂ ಬದಲಾಗಲಿಲ್ಲ.

ಹಾರ್ಡ್ ಡಿಸ್ಕ್ ಕಡೆ ನೋಡಿದರೆ ಒಂದು ತೊಂದರೆಯೂ ಇಲ್ಲ. ಟೈಟಲ್ ಪಟ್ಟಿ ಒತ್ತಿದ ತಕ್ಷಣ ತೆರೆದುಕೊಳ್ಳುತ್ತದೆ. ಯಾವ ರೆಕಾರ್ಡಿಂಗ್ ಹಾಕಿದರೂ ಮಧ್ಯದಲ್ಲಿ ಚಿತ್ರ ನಿಲ್ಲುವುದಿಲ್ಲ, ಚೌಕ ಚೌಕವಾಗಿ ಒಡೆಯುವುದಿಲ್ಲ. ಟೈಮರ್ ಇಟ್ಟರೆ ಸರಿಯಾದ ಹೊತ್ತಿಗೆ ಹೊಸದಾಗಿ ರೆಕಾರ್ಡ್ ಆಗುತ್ತದೆ. ಒಂದು ಕಾರ್ಯಕ್ರಮ ರೆಕಾರ್ಡ್ ಆಗುತ್ತಿರುವಾಗಲೇ ಅದನ್ನು ಮೊದಲಿನಿಂದ ನೋಡಬಹುದು. ಅಂದರೆ ಹಾರ್ಡ್ ಡಿಸ್ಕ್ ಒಂದೇ ಹೊತ್ತಿಗೆ ಬರೆಯುತ್ತಲೂ ಇದೆ, ಓದುತ್ತಲೂ ಇದೆ. ಕೆಟ್ಟ ಹಾರ್ಡ್ ಡಿಸ್ಕ್ ಇಷ್ಟೆಲ್ಲ ಮಾಡುತ್ತದಾ?

ಇದನ್ನೆಲ್ಲ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿ ಹೇಳಿದೆ. ಮಾತಾಡಿದವರು ಸೌಜನ್ಯದಿಂದಲೇ ಮಾತಾಡಿದರು. ಮೊದಲು ನೀವು ಹಾಕಿದ ಡಿವಿಡಿ ಸರಿಯಿಲ್ಲ ಅಂದರು. ಆಮೇಲೆ ಕಾಪಿ ಮಾಡಲು ಅನುಮತಿ ಇಲ್ಲದ ರೆಕಾರ್ಡಿಂಗ್ ಇರಬಹುದು ಅಂದರು. ನಮ್ಮ ಮನೆಯ ಕ್ಯಾಮ್‌ಕಾರ್ಡರ್‌ನಲ್ಲಿ ತೆಗೆದದ್ದಕ್ಕೆ ಯಾವ ಕಾಪಿ ತಡೆಯೂ ಇರುವುದಿಲ್ಲ. ಅದೂ ಅಲ್ಲದೆ ಇಲ್ಲಿ ಕಾಪಿ ಮಾಡುವ ಹಂತಕ್ಕೇ ಬಂದಿಲ್ಲ, ಡ್ರೈವ್ ಡಿಸ್ಕನ್ನೇ ಗುರುತಿಸುತ್ತಿಲ್ಲ. ಕೊನೆಗೆ ಅವರು ಹೇಳಿದ್ದು, ಸೆಟಪ್ ಮೆನುಗೆ ಹೋಗಿ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಒತ್ತಿ, ಎಲ್ಲ ಸರಿಹೋಗುತ್ತದೆ ಅಂತ. ಒತ್ತಿದರೆ ರೆಕಾರ್ಡಿಂಗ್ ಎಲ್ಲ ಅಳಿಸಿಹೋಗುತ್ತದೆ ಅಂತ ಒಂದು ಮಾತೂ ಹೇಳಲಿಲ್ಲ. ನಾನು ಕೇಳಿದ ಮೇಲೆ, ಹೌದು ಸಾರ್, ಅದು ಹೋಗುತ್ತದೆ ಅಂದರು.

ತಪ್ಪು ಆ ಫೋನಿನಲ್ಲಿದ್ದವರದ್ದು ಅನ್ನುತ್ತಿಲ್ಲ. ಅವರ ಮುಂದೆ ನೀವು ಇಟ್ಟಿರುವ ಉತ್ತರಗಳ ಪಟ್ಟಿಯದ್ದು. ಡಿವಿಡಿ ಲೇಸರ್ ಸೋತದ್ದಕ್ಕೂ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್‌ಗೂ ಸಂಬಂಧವೇ ಇಲ್ಲ. ಇವು ಒಂದೇ ಪೆಟ್ಟಿಗೆಯಲ್ಲಿರುವ ಎರಡು ಬೇರೆ ಬೇರೆ ಭಾಗಗಳು. ತಲೆನೋವು ಅಂತ ಹೋದವನ ಕಾಲು ಕತ್ತರಿಸಿದ ಹಾಗೆ ಆಗುತ್ತದೆ ಇದು. ಈ ಸಲಹೆಯನ್ನು ನಂಬಿ ಎಷ್ಟು ಮನೆಯವರು ಗುಂಡಿ ಒತ್ತಿಬಿಟ್ಟಿದ್ದಾರೋ ಅಂತ ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಒತ್ತಿದ ಮೇಲೂ ಅವರ ಡ್ರೈವ್ ಡಿಸ್ಕ್ ಓದಿರುವುದಿಲ್ಲ.

ಸರ್ವಿಸ್ ಸೆಂಟರ್‌ನಲ್ಲಿ ಆದದ್ದು ಇನ್ನೂ ಬೇಜಾರಿನ ಸಂಗತಿ. ಯಂತ್ರವನ್ನು ಆನ್ ಮಾಡಿಯೂ ನೋಡದೆ ಎಸ್ಟಿಮೇಟ್ ಬರೆದರು. ಡ್ರೈವ್, ಹಾರ್ಡ್ ಡಿಸ್ಕ್ ಎರಡೂ ಹೊಸದು ಅಂತ ಬರೆದಿದ್ದರು. ಹಾರ್ಡ್ ಡಿಸ್ಕ್ ಯಾಕೆ ಅಂತ ಕೇಳಿದರೆ, ಎರಡನ್ನೂ ಸೆಟ್ ಆಗಿಯೇ ಹಾಕುವುದು ಅಂದರು. ಹಳೆಯ ಹಾರ್ಡ್ ಡಿಸ್ಕನ್ನು ನಮಗೆ ವಾಪಸ್ ಕೊಡುತ್ತೀರಾ ಅಂತ ಕೇಳಿದೆ, ಇಲ್ಲ, ಕಂಪನಿಗೆ ಕಳಿಸಬೇಕು ಅಂದರು. ನಮ್ಮ ಮನೆಯವರ ಮುಖಗಳಿರುವ ಹಾರ್ಡ್ ಡಿಸ್ಕ್ ಯಾವುದೋ ಗೋದಾಮಿನಲ್ಲಿ ಯಾರ ಕೈಯಲ್ಲಿರುತ್ತದೆ ಅಂತ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಸಹಿ ಹಾಕಲು ಕೊಟ್ಟ ಫಾರಂನ ಕೆಳಗೆ, ಒಳಗಿನ ರೆಕಾರ್ಡಿಂಗ್‌ಗಳಿಗೆ ಕಂಪನಿ ಹೊಣೆಯಲ್ಲ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ನಾನು ಸಹಿ ಹಾಕಲಿಲ್ಲ. ಯಂತ್ರವನ್ನು ಹಾಗೇ ವಾಪಸ್ ತಂದೆ.

ಹಾರ್ಡ್ ಡಿಸ್ಕ್ ಬಿಚ್ಚಿ ಕಂಪ್ಯೂಟರ್‌ಗೆ ಹಾಕಿ ಕಾಪಿ ಮಾಡಿಕೊಳ್ಳಿ ಅಂತ ಸುಮ್ನೆ ಹೇಳಿಬಿಡಬೇಡಿ. ನಿಮ್ಮ ರೆಕಾರ್ಡರ್ ತನ್ನದೇ ಕ್ರಮದಲ್ಲಿ ಬರೆಯುತ್ತದೆ. ಕಂಪ್ಯೂಟರ್‌ಗೆ ಅದು ಖಾಲಿ ಡಿಸ್ಕ್ ಹಾಗೆ ಕಾಣಿಸಿ, ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತದೆ. ಅಲ್ಲಿ ಹೌದು ಅಂದರೆ ಮುಗಿಯಿತು. ಹೀಗೆ ಮುಚ್ಚಿದ ಪೆಟ್ಟಿಗೆ ಮಾಡಿದವರು ನೀವೇ. ಆದ್ದರಿಂದ ಒಳಗಿರುವುದನ್ನು ಹೊರತರುವ ದಾರಿ ಉಳಿಸುವ ಹೊಣೆಯೂ ನಿಮ್ಮದೇ ಅಲ್ವಾ?

ಕೈಪಿಡಿಯ ಬಗ್ಗೆಯೂ ಹೇಳಬೇಕು. ಹಾರ್ಡ್ ಡಿಸ್ಕ್ ತಾತ್ಕಾಲಿಕ ಜಾಗ, ಬೇಕಾದದ್ದನ್ನು ಡಿವಿಡಿಗೆ ಕಾಪಿ ಮಾಡಿಟ್ಟುಕೊಳ್ಳಿ ಅಂತ ಅದರಲ್ಲಿ ಒಂದು ಮೂಲೆಯಲ್ಲಿದೆ. ಒಳ್ಳೆಯ ಮಾತೇ. ನಾನೂ ಅದನ್ನೇ ಮಾಡುತ್ತಿದ್ದೆ. ಹೈಸ್ಪೀಡ್ ಡಬ್ಬಿಂಗ್‌ನಲ್ಲಿ, ಅಂದರೆ ಹಾರ್ಡ್ ಡಿಸ್ಕ್‌ನಿಂದ ಡಿವಿಡಿಗೆ ವೇಗವಾಗಿ, ಕಾಪಿ ಮಾಡಿದರೆ ಚಿತ್ರದ ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ, ಎರಡು ಗಂಟೆಯ ರೆಕಾರ್ಡಿಂಗ್ ಬೇಗ ಮುಗಿದುಬಿಡುತ್ತದೆ. ಈ ಒಂದು ಸೌಲಭ್ಯಕ್ಕಾಗಿಯೇ ನಾನು ಈ ಯಂತ್ರವನ್ನು ಮೆಚ್ಚಿಕೊಂಡು ಕೊಂಡದ್ದು. ಆ ಕೆಲಸ ಅರ್ಧದಲ್ಲಿರುವಾಗಲೇ ಡ್ರೈವ್ ಕೈಕೊಟ್ಟಿತು. ತಾತ್ಕಾಲಿಕ ಜಾಗದಿಂದ ಹೊರಗೆ ಹೋಗಲು ನೀವು ಇಟ್ಟಿದ್ದ ಬಾಗಿಲೇ ಆ ಡ್ರೈವ್. ಬಾಗಿಲು ಮುರಿದರೆ ಬಾಗಿಲನ್ನು ರಿಪೇರಿ ಮಾಡಿ ಅಂತಷ್ಟೇ ಕೇಳುತ್ತಿದ್ದೇನೆ.

ಕೆಲವು ಡಿಸ್ಕ್‌ಗಳು ಇನ್ನೂ ಫೈನಲೈಸ್ ಆಗಿಲ್ಲ, ಅಂದರೆ ಬೇರೆ ಪ್ಲೇಯರ್‌ಗಳಲ್ಲೂ ಓಡುವ ಹಾಗೆ ರೆಕಾರ್ಡಿಂಗ್ ಮುಗಿಸಿ ಮುಚ್ಚಿಲ್ಲ. ಜಾಗ ಉಳಿದಿತ್ತು, ಇನ್ನಷ್ಟು ಸೇರಿಸಬೇಕಿತ್ತು, ಅದಕ್ಕೆ ತೆರೆದೇ ಇಟ್ಟಿದ್ದೆ. ಫೈನಲೈಸ್ ಆಗದ ಡಿವಿಡಿ-ಆರ್ ಬೇರೆ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ. ಇವನ್ನು ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿರುವ ಇದೇ ಮಾಡೆಲ್‌ನ ಯಂತ್ರದಲ್ಲಿ ಹಾಕಿ ಫೈನಲೈಸ್ ಮಾಡಿಕೊಡಿ ಅಂತ ಕೇಳಿದ್ದೆ. ಕೆಲವೇ ನಿಮಿಷದ ಕೆಲಸ ಅದು. ಅದಕ್ಕೂ ಆಗುವುದಿಲ್ಲ ಅಂದರು. ಯಾಕೆ ಆಗುವುದಿಲ್ಲ ಅಂತ ಮಾತ್ರ ಹೇಳಲಿಲ್ಲ.

ಹಾಗಾಗಿ ನಾನು ಕೇಳುವುದು ಇದು. ಡಿವಿಡಿ ಡ್ರೈವ್ ಒಂದನ್ನೇ ಬದಲಾಯಿಸಿ. ಹೊಸ ಡ್ರೈವ್ ಸಿಗದಿದ್ದರೆ ಇದೇ ಮಾಡೆಲ್‌ನ ಹಳೆಯ ಯಂತ್ರದಿಂದ ತೆಗೆದದ್ದಾದರೂ ಪರವಾಗಿಲ್ಲ, ಡಿವಿಡಿ ಓದಿ ಬರೆದರೆ ಸಾಕು. ಅದಕ್ಕೂ, ಕೂಲಿಗೂ ಆಗುವ ಹಣ ಕೊಡಲು ನಾನು ತಯಾರಿದ್ದೇನೆ. ಬಿಟ್ಟಿ ರಿಪೇರಿ ಕೇಳುತ್ತಿಲ್ಲ. ಹಾರ್ಡ್ ಡಿಸ್ಕನ್ನು ಬಿಚ್ಚುವುದಾಗಲಿ, ಫಾರ್ಮ್ಯಾಟ್ ಮಾಡುವುದಾಗಲಿ, ಫ್ಯಾಕ್ಟರಿ ಸೆಟ್ಟಿಂಗ್‌ಗೆ ತರುವುದಾಗಲಿ ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಮಾಡುವುದಿಲ್ಲ ಅಂತ ಕೆಲಸ ಶುರು ಮಾಡುವ ಮೊದಲು ಬರೆದುಕೊಡಿ. ಮೇನ್ ಬೋರ್ಡ್ ಮುಟ್ಟಬೇಕಾಗಿ ಬಂದರೆ ಅದನ್ನೂ ಮೊದಲೇ ತಿಳಿಸಿ. ಬೋರ್ಡ್ ಬದಲಾದರೆ ಹಳೆಯ ಹಾರ್ಡ್ ಡಿಸ್ಕನ್ನು ಯಂತ್ರ ಒಪ್ಪುತ್ತದೆಯೇ ಇಲ್ಲವೇ ಅನ್ನುವುದು ನಿಮ್ಮ ಎಂಜಿನಿಯರ್‌ಗಳಿಗೆ ಗೊತ್ತಿರುತ್ತದೆ, ಅವರಿಂದಲೇ ಉತ್ತರ ಬರಲಿ. ಫೈನಲೈಸ್ ಆಗದ ಡಿಸ್ಕ್‌ಗಳನ್ನು ಫೈನಲೈಸ್ ಮಾಡಿಸಿಕೊಡಿ.

ಡ್ರೈವ್ ಸಿಗುವುದೇ ಇಲ್ಲ ಅನ್ನುವುದಾದರೆ, ಅದನ್ನೂ ಬೇಗ ಹೇಳಿಬಿಡಿ, ಸುಮ್ನೆ ಕಾಯಿಸಬೇಡಿ. ಆಗ ನನಗೆ ಉಳಿಯುವ ದಾರಿ ಒಂದೇ. ಹಿಂದಿನ ವಿಡಿಯೊ ಔಟ್‌ಪುಟ್‌ನಿಂದ ಇನ್ನೊಂದು ರೆಕಾರ್ಡರ್‌ಗೆ ವೈರ್ ಎಳೆದು, ಒಂದೊಂದಾಗಿ ಪೂರ್ತಿ ಓಡಿಸಿ ಇಳಿಸಿಕೊಳ್ಳಬೇಕು. ಎಸ್‌ಪಿ ಮೋಡ್‌ನಲ್ಲಿ, ಅಂದರೆ ಸಾಮಾನ್ಯ ಗುಣಮಟ್ಟದಲ್ಲಿ, ಒಂದು ಡಿವಿಡಿಯ 4.7 ಜಿಬಿಗೆ ಎರಡು ಗಂಟೆ ಲೆಕ್ಕ ಹಾಕಿದರೆ 160 ಜಿಬಿ ತುಂಬ ಸುಮಾರು 68 ಗಂಟೆ ಹಿಡಿಯುತ್ತದೆ. ಅಷ್ಟೂ ಹೊತ್ತು ಓಡಿಸಬೇಕು, ಚಿತ್ರವೂ ಸ್ವಲ್ಪ ಮಂಕಾಗುತ್ತದೆ. ಆದರೂ ಏನೂ ಇಲ್ಲದಿರುವುದಕ್ಕಿಂತ ಅದು ಮೇಲು. ನಿಮ್ಮವರು ಹೇಳಿದ ಹಾಗೆ ಅವತ್ತು ಫಾರ್ಮ್ಯಾಟ್ ಒತ್ತಿದ್ದರೆ ಈ ದಾರಿಯೂ ಇರುತ್ತಿರಲಿಲ್ಲ.

ಇನ್ನೊಂದು ಬೇಡಿಕೆ ನನ್ನೊಬ್ಬನ ಸಲುವಾಗಿ ಅಲ್ಲ. ಸಹಾಯವಾಣಿಯ ಉತ್ತರಗಳ ಪಟ್ಟಿಯನ್ನು ಇವತ್ತೇ ತಿದ್ದಿಸಿ. ಡಿಸ್ಕ್ ಓದುತ್ತಿಲ್ಲ ಅಂತ ಫೋನ್ ಮಾಡಿದವರಿಗೆ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿ ಅನ್ನುವ ಸಲಹೆ ಹೋಗಲೇಬಾರದು. ಬೇರೆ ಯಾವುದಾದರೂ ದೋಷಕ್ಕೆ ಫಾರ್ಮ್ಯಾಟ್ ನಿಜವಾಗಿಯೂ ಬೇಕಾದರೂ, ನಿಮ್ಮ ರೆಕಾರ್ಡಿಂಗ್ ಎಲ್ಲ ಅಳಿಸಿಹೋಗುತ್ತದೆ, ವಾಪಸ್ ಬರುವುದಿಲ್ಲ ಅನ್ನುವುದು ಅವರ ಬಾಯಿಂದ ಬರುವ ಮೊದಲ ಮಾತಾಗಿರಬೇಕು. ಸರ್ವಿಸ್ ಸೆಂಟರ್‌ನ ಫಾರಂನಲ್ಲೂ ಆ ವಾಕ್ಯ ಮೇಲೆ, ದಪ್ಪ ಅಕ್ಷರದಲ್ಲಿ ಇರಲಿ.

ಬಿಲ್ಲಿನ ಪ್ರತಿ, ಸರ್ವಿಸ್ ಸೆಂಟರ್ ಬರೆದುಕೊಟ್ಟ ಎಸ್ಟಿಮೇಟ್ ಮತ್ತು ತೆರೆಯ ಮೇಲೆ ಬರುವ ದೋಷ ಸಂದೇಶದ ಫೋಟೊ ಈ ಪತ್ರದ ಜೊತೆಗಿವೆ. ಯಂತ್ರ ನಮ್ಮ ಮನೆಯಲ್ಲೇ ಇದೆ. ನೀವು ಬರೆದುಕೊಟ್ಟ ಮೇಲೆಯೇ ಅದನ್ನು ರಿಪೇರಿಗೆ ಕೊಡುತ್ತೇನೆ. ಫೋನಿನಲ್ಲಿ ಬೇಡ, ಪತ್ರದಲ್ಲೋ ಇಮೇಲ್‌ನಲ್ಲೋ ಉತ್ತರ ಕೊಡಿ.

ಇಂತಿ,
ನಿಮ್ಮ ಗ್ರಾಹಕ